ಗೃಹಸ್ಥರ ವ್ಯವಹಾರಪಾಠ: ಗುತ್ತೇದಾರನು ಬಂದ ದಿನ

ಕಳೆದ ಸಂಚಿಕೆಯಲ್ಲಿ ಮೃತ್ಯುಪತ್ರವನ್ನು ಕುರಿತು ಬರೆಯುತ್ತ, ಈ ತಿಂಗಳು ದತ್ತಕದ ವಿಷಯವನ್ನು ಎತ್ತಿಕೊಳ್ಳುವೆವೆಂದು ಮಾತುಕೊಟ್ಟಿದ್ದೆವು. ಆ ಮಾತನ್ನು ಒಂದು ತಿಂಗಳ ಮಟ್ಟಿಗೆ ಮುಂದೆ ಹಾಕಬೇಕಾಗಿದೆ, ಕ್ಷಮಿಸತಕ್ಕದ್ದು. ದತ್ತಕವು ಕಾಯಬಲ್ಲುದು, ಆದರೆ ಈ ಬಾರಿ ನಮ್ಮ ಮನೆಯ ಕಟ್ಟೆಗೆ ಬಂದು ಕುಳಿತ ಪ್ರಶ್ನೆಗೆ ಶನಿವಾರದ ಗಡುವು ಇದ್ದಿತು.

ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಿ ನಾವು ಕೆಲವು ಕಾಲ ಶಾಲೆಯಲ್ಲಿ ಪಾಠ ಹೇಳಿದವರು. ಅಲ್ಲಿ ನಮ್ಮ ಕೈಯಲ್ಲಿ ಅಕ್ಷರ ಕಲಿತ ಒಬ್ಬ ಹುಡುಗನು ಇಂದು ಮೂವತ್ತು ದಾಟಿದ ಸಂಸಾರಿ. ಸಿಂಧನೂರಿನ ಕಡೆಯ ಒಂದು ಅಕ್ಕಿ ಗಿರಣಿಯಲ್ಲಿ ಒಂಬತ್ತು ವರ್ಷ ಮೂರು ತಿಂಗಳು ದುಡಿದವನು. ಬೇಯಿಸಿದ ಭತ್ತವನ್ನು ಒಣಗಿಸುವ ಡ್ರೈಯರನ್ನು ನೋಡಿಕೊಳ್ಳುವುದು ಆತನ ಕೆಲಸ. ತೇವ ಹೆಚ್ಚಾದರೆ ಅಕ್ಕಿ ಕೆಡುವುದು, ಕಡಿಮೆಯಾದರೆ ನುಚ್ಚಾಗುವುದು. ಹಿಡಿಯಷ್ಟು ಕಾಳನ್ನು ಅಂಗೈಯಲ್ಲಿ ಉಜ್ಜಿ ನೋಡಿಯೇ ಹದವನ್ನು ಹೇಳಬಲ್ಲನೆಂದು ಆತನ ಜೊತೆಯವರು ಹೇಳುವುದನ್ನು ಕೇಳಿ ನಮಗೆ ಸಂತೋಷವಾದುದುಂಟು. ವ್ಯಾಕರಣದಲ್ಲಿ ಆ ಹದವು ಆತನಿಗೆ ಎಂದೂ ಸಿಕ್ಕಿರಲಿಲ್ಲ.

ಬುಧವಾರ ಸಂಜೆ ಆತನು ಹೆಂಡತಿಯೊಡನೆ ಬಂದನು. ಕುಳಿತವನು ಬಹಳ ಹೊತ್ತು ಮಾತನಾಡಲಿಲ್ಲ. ಕಡೆಗೆ, “ಗುರುಗಳ, ನಾಳಿಂದ ನೀನು ನಮ್ಮ ಆಳಲ್ಲ, ಗುತ್ತೇದಾರನ ಕಡೆ ಹೋಗಿ ಹೆಸರು ಬರಸು ಅಂದ್ರು,” ಎಂದನು. ಗಿರಣಿಯು ನಿಂತಿಲ್ಲ, ಭತ್ತವು ಬರುತ್ತಲೇ ಇದೆ, ಡ್ರೈಯರೂ ಅದೇ. ಆದರೆ ಅದರ ಮುಂದೆ ನಿಲ್ಲುವ ಮನುಷ್ಯರನ್ನು ಇನ್ನು ಮೇಲೆ ಒಬ್ಬ ಗುತ್ತೇದಾರನು ಒದಗಿಸುವನಂತೆ. ಆತನ ಬಳಿ ಹೆಸರು ಬರೆಸಿದರೆ ಈಗಿನ ಸಂಬಳಕ್ಕಿಂತ ಮೂರು ಸಾವಿರ ರೂಪಾಯಿ ಕಡಿಮೆ. ಅದಕ್ಕೆ ಮೊದಲು ಗಿರಣಿಯ ಕಾರಕೂನನು ಮುಂದಿಡುವ ಒಂದು ಹಾಳೆಗೆ ರುಜು ಹಾಕಬೇಕು. ಅದರಲ್ಲಿ “ನನ್ನ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿರುತ್ತೇನೆ, ಯಾವ ಬಾಕಿಯೂ ಇರುವುದಿಲ್ಲ” ಎಂದು ಅಚ್ಚಾಗಿದೆ. ಶನಿವಾರದೊಳಗೆ ರುಜು ಮಾಡಿದರೆ ಇಪ್ಪತ್ತು ಸಾವಿರ ರೂಪಾಯಿ ನಗದು. ಮಾಡದಿದ್ದರೆ ಅದೂ ಇಲ್ಲ.

ಆ ಹೆಣ್ಣುಮಗಳು ಮುಚ್ಚುಮರೆಯಿಲ್ಲದೆ ಕೇಳಿದಳು: “ಇಪ್ಪತ್ತು ಸಾವಿರ ಕೈಗೆ ಬರ್ತೈತಿ ಅಂತಾರ. ಕೋರ್ಟು ಅಂತ ಹೋದ್ರ ಎಷ್ಟು ವರ್ಷ ಗುರುಗಳ? ಮಗಳ ಫೀ ಯಾರು ಕಟ್ಟತಾರ?” ಈ ಪ್ರಶ್ನೆಯನ್ನು ಅಜ್ಞಾನವೆಂದು ನಗುವವರು ಬಡವರ ಮನೆಯ ಲೆಕ್ಕವನ್ನು ಕಂಡವರಲ್ಲ. ನಾವು ಆಕೆಗೆ, “ತಂಗೀ, ಲೆಕ್ಕವನ್ನು ಮೊದಲು ಮಾಡೋಣ, ರುಜುವಿನ ಮಾತನ್ನು ಆಮೇಲೆ ಆಡೋಣ” ಎಂದು ಹೇಳಿ, ಹಾಳೆ ಪೆನ್ಸಿಲು ತರಿಸಿದೆವು.

ಲೆಕ್ಕಕ್ಕೆ ಮುಂಚೆ ಶಬ್ದಾರ್ಥ. ಪತ್ರಿಕೆಗಳಲ್ಲಿ “ಲೇ-ಆಫ್” ಎಂಬ ಮಾತನ್ನು ಕೆಲಸ ಹೋದುದಕ್ಕೆಲ್ಲ ಬಳಸುತ್ತಾರೆ. ನಮ್ಮ ಕಾನೂನಿನಲ್ಲಿ ಅದರ ಅರ್ಥ ಬೇರೆ. ಕಲ್ಲಿದ್ದಲು, ವಿದ್ಯುತ್ತು, ಕಚ್ಚಾಮಾಲು ಮುಂತಾದುವು ಇಲ್ಲದೆ, ಅಥವಾ ಯಂತ್ರ ಕೆಟ್ಟು, ಮಾಲೀಕನು ತನ್ನ ಪಟ್ಟಿಯಲ್ಲಿರುವ ಕೆಲಸಗಾರನಿಗೆ ಕೆಲಸ ಕೊಡಲಾರದೆ ಹೋದರೆ ಅದು ಲೇ-ಆಫ್, ಸಂಬಂಧವು ಮುರಿದಿರುವುದಿಲ್ಲ. ಐವತ್ತು ಅಥವಾ ಹೆಚ್ಚು ಕೆಲಸಗಾರರಿರುವ, ಹಂಗಾಮಿಗೆ ಮಾತ್ರ ನಡೆಯುವುದಲ್ಲದ ಕಾರ್ಖಾನೆಯಾದರೆ, ಒಂದು ವರ್ಷ ದುಡಿದವನಿಗೆ ಆ ದಿನಗಳಿಗೆ ಮೂಲವೇತನ ಮತ್ತು ತುಟ್ಟಿಭತ್ಯದ ಅರ್ಧವು ಸಲ್ಲಬೇಕು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಜಲಾಶಯದ 19ನೆಯ ತೂಬಿನ ಬಾಗಿಲು ಕೊಚ್ಚಿಹೋದ ರಾತ್ರಿ ನಮ್ಮ ಕಡೆಯವರೆಲ್ಲರೂ ಹೆದರಿದುದು ಇಂಥದಕ್ಕೇ: ಕಾಲುವೆಗೆ ನೀರಿಲ್ಲ, ಗದ್ದೆಗೆ ಬೆಳೆಯಿಲ್ಲ, ಗಿರಣಿಗೆ ಭತ್ತವಿಲ್ಲ. ಹಾಗೆ ಗಿರಣಿಯು ನಿಂತಿದ್ದರೆ ಅದು ಲೇ-ಆಫ್. ಇಲ್ಲಿಯಾದರೋ ಗಿರಣಿಯ ಹೊಗೆ ನಿಂತಿಲ್ಲ, ಮನುಷ್ಯನು ಮಾತ್ರ ಬದಲಾಗಿದ್ದಾನೆ. ತಪ್ಪಿಗೆ ಶಿಕ್ಷೆಯಾಗಿಯಲ್ಲದೆ ಬೇರೆ ಯಾವ ಕಾರಣದಿಂದಲಾದರೂ ಮಾಲೀಕನು ಕೆಲಸಗಾರನ ಸೇವೆಯನ್ನು ಕೊನೆಗಾಣಿಸುವುದಕ್ಕೆ ಕಾನೂನು “ರಿಟ್ರೆಂಚ್‌ಮೆಂಟ್” ಎಂದು ಹೆಸರಿಟ್ಟಿದೆ. ನಾವು ಉದ್ಯೋಗಕಡಿತ ಎನ್ನೋಣ. ತಾನೇ ರಾಜೀನಾಮೆ ಕೊಟ್ಟರೆ, ನಿವೃತ್ತಿಯ ವಯಸ್ಸು ಬಂದರೆ, ಅಥವಾ ನಿಯತಾವಧಿಯ ಕರಾರು ತೀರಿದರೆ ಮಾತ್ರ ಅದು ಉದ್ಯೋಗಕಡಿತವಲ್ಲ. ಆ ಅಚ್ಚಾದ ಹಾಳೆಗೆ ಇಪ್ಪತ್ತು ಸಾವಿರದ ಬೆಲೆ ಏಕೆ ಬಂದಿತೆಂಬುದು ಇಷ್ಟರಿಂದಲೇ ತಿಳಿಯುತ್ತದೆಯಷ್ಟೆ.

ಇನ್ನು ಲೆಕ್ಕ. 1947ರ ಕೈಗಾರಿಕಾ ವಿವಾದಗಳ ಕಾಯಿದೆಯು ಎಪ್ಪತ್ತೆಂಟು ವರ್ಷ ನಡೆದು, 2025ರ ನವೆಂಬರ್ 21ರಂದು ಅದರ ಸ್ಥಾನಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯು ಬಂದಿತು. ಅಂದೇ ವೇತನ, ಸಾಮಾಜಿಕ ಭದ್ರತೆ, ಔದ್ಯೋಗಿಕ ಸುರಕ್ಷತೆ ಇವುಗಳ ಸಂಹಿತೆಗಳೂ ಜಾರಿಗೆ ಬಂದವು. ಹೆಸರು ಬದಲಾದರೂ ನಮ್ಮ ವಿಷಯದ ತಿರುಳು ಬಹುಮಟ್ಟಿಗೆ ಹಳೆಯದೇ. ಒಂದು ವರ್ಷ ನಿರಂತರ ಸೇವೆ ಮಾಡಿದವನನ್ನು ಕಡಿತ ಮಾಡಬೇಕಾದರೆ, ಕಾರಣವನ್ನು ತಿಳಿಸಿ ಒಂದು ತಿಂಗಳ ಲಿಖಿತ ನೋಟೀಸು ಕೊಡಬೇಕು, ಇಲ್ಲವೆ ಆ ತಿಂಗಳ ವೇತನವನ್ನು ಕೊಡಬೇಕು, ಮುಗಿದ ಪ್ರತಿಯೊಂದು ವರ್ಷಕ್ಕೂ ಹದಿನೈದು ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು, ಸರ್ಕಾರಕ್ಕೂ ತಿಳಿಸಬೇಕು. ಇವು ಕಡಿತವಾದ ಮೇಲೆ ಎಂದಾದರೊಂದು ದಿನ ತೀರಿಸುವ ಸಾಲಗಳಲ್ಲ, ಕಡಿತಕ್ಕೆ ಮುಂಚಿನ ಷರತ್ತುಗಳು. ಹಳೆಯ ಕಾಯಿದೆಯ ಕೆಳಗೆ ನ್ಯಾಯಾಲಯಗಳು, ಷರತ್ತನ್ನು ಪಾಲಿಸದ ಕಡಿತವು ಮೂಲದಲ್ಲಿಯೇ ಅಸಿಂಧುವೆಂದು ಮತ್ತೆ ಮತ್ತೆ ಹೇಳಿವೆ.

ನಮ್ಮ ಶಿಷ್ಯನ ಸಂಬಳ ತಿಂಗಳಿಗೆ 15,600 ರೂಪಾಯಿ. ಹದಿನೈದು ದಿನಕ್ಕೆ 7,800. ಒಂಬತ್ತು ವರ್ಷಕ್ಕೆ 70,200. ನೋಟೀಸಿನ ತಿಂಗಳದು 15,600. ಐದು ವರ್ಷ ಮೀರಿದ ಸೇವೆಯಾದುದರಿಂದ ಗ್ರಾಚ್ಯುಯಿಟಿಯೂ ಉಂಟು. ಅದರ ಲೆಕ್ಕದಲ್ಲಿ ತಿಂಗಳಿಗೆ ಇಪ್ಪತ್ತಾರು ದಿನವೆಂದು ಎಣಿಸುವುದರಿಂದ ದಿನಕ್ಕೆ 600 ಆಗಿ, ವರ್ಷಕ್ಕೆ 9,000ದಂತೆ ಒಂಬತ್ತು ವರ್ಷಕ್ಕೆ 81,000. ಹೊಸ ಸಂಹಿತೆಯು ಇನ್ನೊಂದನ್ನು ಸೇರಿಸಿದೆ: ಕಡಿತವಾದವನು ಬೇರೆ ಕೆಲಸ ಕಲಿಯಲೆಂದು ಮಾಲೀಕನು ಹದಿನೈದು ದಿನದ ವೇತನವನ್ನು ಒಂದು ನಿಧಿಗೆ ಕಟ್ಟಬೇಕು, ಅದು ನಲವತ್ತೈದು ದಿನದೊಳಗೆ ಕೆಲಸಗಾರನ ಖಾತೆಗೆ ಬರಬೇಕು. ಅದು 7,800. ಎಲ್ಲ ಕೂಡಿದರೆ 1,74,600 ರೂಪಾಯಿ. ದುಡಿದ ದಿನಗಳ ಸಂಬಳ ಬಾಕಿಯಿದ್ದರೆ ಅದು ಬೇರೆ. ತೆಗೆದುಹಾಕಿದ ಎರಡು ಕೆಲಸದ ದಿನಗಳೊಳಗೆ ಅದನ್ನು ತೀರಿಸಬೇಕೆಂದು ವೇತನ ಸಂಹಿತೆಯು ವಿಧಿಸಿದೆ. ಭವಿಷ್ಯನಿಧಿಯ ಹಣವಂತೂ ಆತನದೇ.

ಪೆನ್ಸಿಲನ್ನು ಕೆಳಗಿಟ್ಟಾಗ ಆ ಹೆಣ್ಣುಮಗಳು ಹಾಳೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡು ಮೊತ್ತವನ್ನು ಎರಡು ಬಾರಿ ಓದಿದಳು. ಆಮೇಲೆ ಇಪ್ಪತ್ತು ಸಾವಿರದ ಮಾತು ಬರಲಿಲ್ಲ.

ಇಷ್ಟು ಹಣವೆಲ್ಲವೂ, ಕಡಿತವು ಸರಿಯೆಂದು ಒಪ್ಪಿಕೊಂಡರೂ ಸಲ್ಲತಕ್ಕದ್ದು. ಕಡಿತವೇ ಸರಿಯಲ್ಲವೆಂದು ವಾದಿಸುವ ಹಾದಿಯು ಇನ್ನೊಂದು. ಅದನ್ನು ತಿಳಿಯಲು ನಮ್ಮ ಗಿರಣಿಗಳಿಗೆ ಹತ್ತಿರದ ಒಂದು ಹಳೆಯ ವ್ಯಾಜ್ಯವನ್ನು ಹೇಳಬೇಕು. ಭಾರತೀಯ ಆಹಾರ ನಿಗಮವು ಸಿಲಿಗುರಿಯ ತನ್ನ ಉಗ್ರಾಣದಲ್ಲಿ ಧಾನ್ಯದ ಮೂಟೆಗಳನ್ನು ಮೊದಲು ಗುತ್ತೇದಾರನ ಮೂಲಕ ಎತ್ತಿಸುತ್ತಿದ್ದಿತು. 1973ರಲ್ಲಿ ಗುತ್ತೇದಾರನನ್ನು ಬಿಟ್ಟು 464 ಮಂದಿ ಕೂಲಿಗಳಿಗೆ ತಾನೇ ನೇರವಾಗಿ ಹಣ ಕೊಡತೊಡಗಿತು. 1975ರಲ್ಲಿ ಮತ್ತೆ ಗುತ್ತೇದಾರನನ್ನು ತಂದಿತು. ಅಷ್ಟು ಜನರೂ ಬೀದಿಗೆ ಬಿದ್ದರು. ವ್ಯಾಜ್ಯವು ಹತ್ತು ವರ್ಷ ನಡೆದು 1985ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು: ಒಮ್ಮೆ ನಿಗಮಕ್ಕೂ ಕೂಲಿಗಳಿಗೂ ನೇರವಾದ ಸ್ವಾಮಿ-ಭೃತ್ಯ ಸಂಬಂಧವು ಉಂಟಾದ ಮೇಲೆ, ಅವರನ್ನು ಹೇಳದೆ ಕೇಳದೆ ಗುತ್ತೇದಾರನ ಆಳುಗಳನ್ನಾಗಿ ಮಾಡಲಾಗದು, ಹಾಗೆ ಮಾಡುವುದು ಉದ್ಯೋಗಕಡಿತವೇ, ಷರತ್ತುಗಳನ್ನು ಪಾಲಿಸಿಲ್ಲವಾದುದರಿಂದ ಅದು ನಿಲ್ಲದು, ಸೇವಾನಿಯಮವನ್ನು ಬದಲಿಸುವ ಮುನ್ನ ಕೊಡಬೇಕಾದ ನೋಟೀಸನ್ನೂ ಕೊಟ್ಟಿಲ್ಲ. ಆ ನೋಟೀಸಿನ ವಿಧಿಯು ಹೊಸ ಸಂಹಿತೆಯಲ್ಲಿಯೂ ಇದೆ. ಅವಧಿ ಇಪ್ಪತ್ತೊಂದು ದಿನ.

ಧನಿಕರು ಮತ್ತು ಸಂಸ್ಥೆಗಳು ಕೆಲಸವನ್ನು ಗುತ್ತಿಗೆಗೆ ಕೊಡಲೇಕೂಡದೆಂದು ಕಾನೂನು ಹೇಳುವುದೆಂದು ವಾಚಕರು ತಿಳಿಯಬಾರದು. ಪ್ರಾಮಾಣಿಕವಾಗಿ ವ್ಯಾಪಾರವನ್ನು ಹೊಸದಾಗಿ ಹೊಂದಿಸಿಕೊಳ್ಳುವ ಅಧಿಕಾರ ಮಾಲೀಕನಿಗೆ ಉಂಟೆಂದು ಅದೇ ನ್ಯಾಯಾಲಯವು ಒಪ್ಪಿದೆ. ಮುಷ್ಕರವನ್ನು ಮುರಿಯಲೆಂದು ಖಾಯಂ ಕೆಲಸವನ್ನು ಕಿತ್ತು ಗುತ್ತೇದಾರನಿಗೆ ಕೊಡುವುದನ್ನು ಮಾತ್ರ ಸಂಹಿತೆಯ ಅನುಸೂಚಿಯು ಸ್ಪಷ್ಟವಾಗಿ ಅನುಚಿತ ವರ್ತನೆಯೆಂದು ಎಣಿಸಿದೆ. ಜೊತೆಗೆ, ಸಂಸ್ಥೆಯ “ಪ್ರಧಾನ ಚಟುವಟಿಕೆ”ಗೆ ಗುತ್ತಿಗೆಯ ಆಳುಗಳನ್ನು ಹಚ್ಚಬಾರದೆಂಬ ನಿಷೇಧವೊಂದು ಔದ್ಯೋಗಿಕ ಸುರಕ್ಷತೆಯ ಸಂಹಿತೆಯಲ್ಲಿದೆ. ಅಕ್ಕಿ ಗಿರಣಿಯಲ್ಲಿ ಭತ್ತ ಬೇಯಿಸುವುದು, ಒಣಗಿಸುವುದು, ಮಿಲ್ಲು ಮಾಡುವುದು ಪ್ರಧಾನವಲ್ಲದೆ ಮತ್ತೇನು? ಆದರೆ ಕಸಗುಡಿಸುವುದು, ಕಾವಲು, ಉಪಾಹಾರಗೃಹ, ತೋಟಗಾರಿಕೆ, ಮೂಟೆ ಇಳಿಸುವುದು ಏರಿಸುವುದು ಇವುಗಳನ್ನು, ಸಂಸ್ಥೆಯೇ ಅವಕ್ಕಾಗಿ ಹುಟ್ಟಿದುದಲ್ಲವಾದರೆ, ಪ್ರಧಾನವಲ್ಲವೆಂದು ಸಂಹಿತೆಯು ಬೇರೆ ಮಾಡಿದೆ. ಪ್ರಧಾನ ಕೆಲಸಕ್ಕೂ ಕೆಲವು ವಿನಾಯಿತಿಗಳಿವೆ: ಆ ಕೆಲಸವು ರೂಢಿಯಿಂದ ಗುತ್ತಿಗೆಯಲ್ಲಿಯೇ ನಡೆಯುವುದಾದರೆ, ದಿನದ ಬಹುಭಾಗ ಆಳು ಬೇಡವಾದರೆ, ಇದ್ದಕ್ಕಿದ್ದಂತೆ ಕೆಲಸ ಹೆಚ್ಚಿದರೆ. ಎಲ್ಲಕ್ಕೂ ಮಿಗಿಲಾಗಿ, ಐವತ್ತು ಅಥವಾ ಹೆಚ್ಚು ಗುತ್ತಿಗೆ ಆಳುಗಳಿರುವ ಸಂಸ್ಥೆಗೆ ಮಾತ್ರ ಆ ಭಾಗವು ಅನ್ವಯಿಸುತ್ತದೆ. ನಮ್ಮ ಶಿಷ್ಯನ ಗಿರಣಿಯಲ್ಲಿ ಎಲ್ಲರನ್ನೂ ಎಣಿಸಿದರೂ ನಲವತ್ತು ಮಂದಿ. ಆದುದರಿಂದ ಆ ಬಾಗಿಲು ಆತನಿಗೆ ಮುಚ್ಚಿದೆ. ಉದ್ಯೋಗಕಡಿತದ ನೋಟೀಸು ಮತ್ತು ಪರಿಹಾರದ ವಿಧಿಗಳಿಗಾದರೋ ಇಂತಹ ಸಂಖ್ಯೆಯ ಕಟ್ಟಿಲ್ಲ. ಆತನು ನಿಲ್ಲಬೇಕಾದ ನೆಲ ಅದು. ಮುನ್ನೂರು ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಾದರೆ ನೋಟೀಸಿನ ಅವಧಿ ಮೂರು ತಿಂಗಳು, ಮತ್ತು ಸರ್ಕಾರದ ಪೂರ್ವಾನುಮತಿಯೂ ಬೇಕು. ಮೊದಲು ಹಳೆಯ ಕಾಯಿದೆಯಲ್ಲಿ ಈ ಸಂಖ್ಯೆ ನೂರಾಗಿದ್ದಿತು. ಅದನ್ನು ಮೂರು ಪಾಲು ಮಾಡಿದ್ದು ಕೆಲಸಗಾರನಿಗೆ ಹಿತವಾಯಿತೆಂದು ನಮಗೆ ತೋರುವುದಿಲ್ಲ.

ಇಲ್ಲಿ ಒಂದು ಮಾತನ್ನು ಸಂಸ್ಕೃತ ಓದಿದವರ ಚಾಪಲ್ಯದಿಂದ ಹೇಳುತ್ತೇವೆ. ಕೂಲಿಯ ವ್ಯಾಜ್ಯವು ಇಂಗ್ಲಿಷರು ತಂದ ಹೊಸ ವಿಷಯವೆಂದು ಹಲವರು ಎಣಿಸುತ್ತಾರೆ. ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ವೇತನದ ವಿವಾದವೂ ಒಂದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಬರೆದ ಮಿತಾಕ್ಷರದಲ್ಲಿ ವೇತನಾದಾನವೆಂಬ ಪ್ರಕರಣವು ಸಾಲದ, ಒತ್ತೆಯ, ದಾಯಭಾಗದ ಪ್ರಕರಣಗಳ ಸಾಲಿನಲ್ಲಿಯೇ ನಿಂತಿದೆ. ದಾಯಭಾಗಕ್ಕಾಗಿ ಆ ಗ್ರಂಥವನ್ನು ನೂರಾರು ವರ್ಷ ನ್ಯಾಯಾಲಯಗಳು ತಿರುವಿಹಾಕಿದವು. ಆಸ್ತಿಯುಳ್ಳವರು ಹೆಚ್ಚಾಗಿ ಕಟ್ಟೆ ಹತ್ತಿದುದೇ ಅದಕ್ಕೆ ಕಾರಣವಿರಬೇಕು.

ಪ್ರಕೃತಕ್ಕೆ ಬರೋಣ. ಹಕ್ಕು ಇದ್ದರೆ ಸಾಲದು, ಸಾಕ್ಷ್ಯ ಬೇಕು. ಕಡಿತಕ್ಕೆ ಹಿಂದಿನ ಹನ್ನೆರಡು ತಿಂಗಳಲ್ಲಿ 240 ದಿನ ದುಡಿದಿದ್ದರೆ ಅದು ಒಂದು ವರ್ಷದ ನಿರಂತರ ಸೇವೆ. ಹಟ್ಟಿಯಂತಹ ಗಣಿಯಲ್ಲಿ ನೆಲದ ಕೆಳಗೆ ಇಳಿಯುವವರಿಗೆ 190 ದಿನವೇ ಸಾಕು. ಸಂಬಳಸಹಿತವಾದ ಭಾನುವಾರಗಳೂ ರಜೆಗಳೂ ಈ ಎಣಿಕೆಯಲ್ಲಿ ಸೇರುತ್ತವೆಂದು 1985ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ತೀರ್ಮಾನಿಸಿದೆ. ಆದರೆ ಅಷ್ಟು ದಿನ ದುಡಿದೆನೆಂದು ತೋರಿಸುವ ಹೊರೆಯು ದುಡಿದವನ ಮೇಲೆಯೇ. ಕರ್ನಾಟಕದ ಎರಡು ವ್ಯಾಜ್ಯಗಳು ಇದಕ್ಕೆ ಕನ್ನಡಿಯಂತಿವೆ. ಅರಣ್ಯ ಇಲಾಖೆಯ ದಿನಗೂಲಿಯವನೊಬ್ಬನು ತನ್ನ ಪ್ರಮಾಣವಚನವನ್ನು ಬಿಟ್ಟರೆ ಬೇರೆ ಕಾಗದವನ್ನು ಹಾಜರುಪಡಿಸಲಿಲ್ಲ; 2002ರಲ್ಲಿ ಆತನು ಸೋತನು. ಒಬ್ಬ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರರ ಕಚೇರಿಯಲ್ಲಿ 1988ರಿಂದ 1994ರವರೆಗೆ ದುಡಿದ ಇನ್ನೊಬ್ಬನ ಬಳಿ ಆ ಕಚೇರಿಯವರೇ ಬರೆದುಕೊಟ್ಟಿದ್ದ ಒಂದು ಪ್ರಮಾಣಪತ್ರವಿದ್ದಿತು. ಹಾಜರಿ ಪಟ್ಟಿಗಳನ್ನು ತರಿಸಬೇಕೆಂದು ಕೇಳಿದರೂ ಇಲಾಖೆಯು ಪೂರ್ಣವಾಗಿ ತರಲಿಲ್ಲ. 2005ರಲ್ಲಿ ಆತನು ಗೆದ್ದನು. ಇಬ್ಬರ ಬೆವರೂ ಒಂದೇ ಬಗೆಯದು. ಅಂತರವೆಲ್ಲವೂ ಒಂದು ಕಾಗದದಲ್ಲಿದ್ದಿತು.

ಹಾಗಾದರೆ ನಮ್ಮ ಶಿಷ್ಯನ ಬಳಿ ಏನಿದ್ದಿತು? ಗಿರಣಿಯ ಹೆಸರಿದ್ದ ಗುರುತಿನ ಚೀಟಿ, ಸಂಬಳ ಜಮೆಯಾದ ಬ್ಯಾಂಕಿನ ಪುಸ್ತಕ, ರಾಜ್ಯ ವಿಮಾ ಚೀಟಿ, ಕಾರಕೂನನು ಮೊಬೈಲಿಗೆ ಕಳುಹಿಸುತ್ತಿದ್ದ ಪಾಳಿಯ ಪಟ್ಟಿಗಳು. ಭವಿಷ್ಯನಿಧಿಯ ಪಾಸ್‌ಬುಕ್ಕನ್ನು ಆತನು ಎಂದೂ ತೆರೆದು ನೋಡಿರಲಿಲ್ಲ. ಮರುದಿನ ಸಿಂಧನೂರಿನ ಗಣಕಯಂತ್ರದ ಅಂಗಡಿಯಲ್ಲಿ ತೆಗೆಸಿ ನೋಡಿದಾಗ ನಮಗೇ ದಿಗ್ಭ್ರಮೆಯಾಯಿತು. ಒಂಬತ್ತು ವರ್ಷದ ಕಂತುಗಳು ಗಿರಣಿಯ ಹೆಸರಿನಲ್ಲಿವೆ. ಕೊನೆಯ ಮೂರು ತಿಂಗಳ ಕಂತುಗಳು ಗುತ್ತೇದಾರನ ಹೆಸರಿನಲ್ಲಿವೆ! “ನಾಳಿಂದ” ಎಂದು ಹೇಳಿದವರು ಮೂರು ತಿಂಗಳ ಹಿಂದೆಯೇ ಕಾಗದದಲ್ಲಿ ಆತನನ್ನು ಸಾಗಿಸಿಬಿಟ್ಟಿದ್ದರು. ಮುಂದೆ ವಿಚಾರಣೆ ನಡೆದರೆ “ಈತನು ನಮ್ಮವನೇ ಅಲ್ಲ, ಗುತ್ತೇದಾರನ ಆಳು” ಎಂಬ ಉತ್ತರವು ಸಿದ್ಧವಾಗಿದ್ದಿತು.

ಈ ಉತ್ತರಕ್ಕೆ ಪ್ರತ್ಯುತ್ತರ ಉಂಟು. ಕೋಳಿಕ್ಕೋಡಿನ ಒಂದು ಹಗ್ಗದ ಕಾರ್ಖಾನೆಯ 29 ಮಂದಿ ಕೆಲಸಗಾರರನ್ನು ಮಾಲೀಕನು “ಇವರು ಗುತ್ತೇದಾರರ ಜನ” ಎಂದು ಹೊರಗಿಟ್ಟನು. 1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠವು ಹೆಸರಿನ ತೆರೆಯನ್ನು ಸರಿಸಿ ನೋಡಿತು: ದುಡಿಮೆ ಯಾರ ವ್ಯಾಪಾರಕ್ಕಾಗಿ? ಸ್ಥಳ, ಸಾಮಗ್ರಿ ಯಾರವು? ಅವರ ಜೀವನೋಪಾಯದ ಕೀಲಿಕೈ ಯಾರ ಕೈಯಲ್ಲಿದೆ? ಆತನೇ ನಿಜವಾದ ಮಾಲೀಕನು. 2001ರ ಆಗಸ್ಟ್ 30ರಂದು ಭಾರತೀಯ ಉಕ್ಕು ಪ್ರಾಧಿಕಾರದ ವ್ಯಾಜ್ಯದಲ್ಲಿ ಐದು ನ್ಯಾಯಮೂರ್ತಿಗಳ ಪೀಠವು, ಗುತ್ತಿಗೆ ಪದ್ಧತಿಯನ್ನು ನಿಷೇಧಿಸಿದ ಮಾತ್ರಕ್ಕೆ ಆಳುಗಳೆಲ್ಲರೂ ತಾವಾಗಿ ಖಾಯಂ ಆಗುವುದಿಲ್ಲವೆಂದು ಹೇಳಿ ಅನೇಕರ ಆಸೆಯನ್ನು ಮುರಿಯಿತು. ಆದರೆ ಗುತ್ತಿಗೆಯು ಬರಿಯ ಸೋಗಾಗಿದ್ದರೆ ಆಳುಗಳು ಮೂಲ ಮಾಲೀಕನವರೇ ಎಂಬುದನ್ನು ಉಳಿಸಿಕೊಂಡಿತು. ಸೋಗು ಹೌದೋ ಅಲ್ಲವೋ ಎಂಬುದನ್ನು ಸಾಕ್ಷ್ಯ ತೆಗೆದುಕೊಂಡು ತೀರ್ಮಾನಿಸಬೇಕಾದುದು ಕೈಗಾರಿಕಾ ನ್ಯಾಯಾಧಿಕಾರಿ. ನೆಟ್ಟಗೆ ಉಚ್ಚ ನ್ಯಾಯಾಲಯದ ಕಲಬುರಗಿ ಪೀಠಕ್ಕೆ ರಿಟ್ ಹಾಕಿಸುವೆನೆಂದು ಹಣ ಕೇಳುವವರ ಮಾತನ್ನು ನಂಬಬಾರದೆಂಬುದು ಇದರಿಂದ ಸಿದ್ಧ.

ಸರ್ಕಾರಿ ಕಚೇರಿಗಳಲ್ಲಿಯೂ ನಗರಸಭೆಗಳಲ್ಲಿಯೂ ಮಕ್ಕಳನ್ನು ದಿನಗೂಲಿಗೆ ಬಿಟ್ಟಿರುವ ಗೃಹಸ್ಥರಿಗಾಗಿ ಎರಡು ಸಾಲು. 2006ರಲ್ಲಿ ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿಯವರ ಪ್ರಕರಣದಲ್ಲಿ, ಉಮಾದೇವಿ ತೀರ್ಪೆಂದು ಪ್ರಸಿದ್ಧವಾದುದರಲ್ಲಿ, ನೇಮಕದ ನಿಯಮವನ್ನು ಬಿಟ್ಟು ಬಂದವರಿಗೆ ಖಾಯಮಾತಿಯ ಹಕ್ಕಿಲ್ಲವೆಂದು ತೀರ್ಮಾನವಾಯಿತು. ಅಂದಿನಿಂದ ಆ ತೀರ್ಪನ್ನೇ ಗುರಾಣಿಯಾಗಿ ಹಿಡಿದು ಎಷ್ಟೋ ಕಚೇರಿಗಳು ಹಳಬರನ್ನು ತೆಗೆದು ಏಜೆನ್ಸಿಯವರನ್ನು ತಂದವು. 2024ರ ಡಿಸೆಂಬರ್ 20ರಂದು ಕೇಂದ್ರ ಜಲ ಆಯೋಗದ ಸ್ವಚ್ಛತಾ ಕೆಲಸದವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗುರಾಣಿಯನ್ನು ತಗ್ಗಿಸಿತು. ದೀರ್ಘಕಾಲ ದುಡಿದವರನ್ನು 2018ರಲ್ಲಿ ತೆಗೆದು ಅದೇ ಕೆಲಸವನ್ನು ಹೊರಗಿನವರಿಗೆ ವಹಿಸಿದುದೇ, ಆ ಕೆಲಸವು ನಿತ್ಯವೂ ಬೇಕಾದುದೆಂಬುದಕ್ಕೆ ಸಾಕ್ಷಿಯೆಂದು ಹೇಳಿ, ಅವರನ್ನು ಮರಳಿ ತೆಗೆದುಕೊಳ್ಳಲು ಆಜ್ಞಾಪಿಸಿತು. ಮುಂದಿನ ತಿಂಗಳು, 2025ರ ಜನವರಿ 31ರಂದು, ಗಾಜಿಯಾಬಾದ್ ನಗರ ನಿಗಮದ ತೋಟದ ಮಾಲಿಗಳಿಗೆ ಮರುನೇಮಕವನ್ನೂ ಹಿಂಬಾಕಿಯ ಅರ್ಧವನ್ನೂ ಕೊಡಿಸಿತು. ಎರಡೂ ಪೀಠಗಳಲ್ಲಿ ಕುಳಿತಿದ್ದವರಲ್ಲಿ ಒಬ್ಬರು ನಮ್ಮ ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಗಳಾಗಿದ್ದ ಪ್ರಸನ್ನ ವರಾಳೆಯವರು.

ಆದರೆ ಗೆದ್ದವರಿಗೆಲ್ಲ ಕೆಲಸವೇ ಮರಳಿ ಸಿಗುವುದೆಂದು ನಂಬಿಸುವುದು ಪಾಪ. ದಿನಗೂಲಿಯವರಿಗೆ ಮರುನೇಮಕದ ಬದಲು ಇಡಿಗಂಟು ಪರಿಹಾರವನ್ನೇ ಕೊಟ್ಟ ತೀರ್ಪುಗಳು ಬಹಳ. 2009ರ ಒಂದು ಪ್ರಕರಣದಲ್ಲಿ ಅದು ಐವತ್ತು ಸಾವಿರ ರೂಪಾಯಿ ಮಾತ್ರ. ಇದನ್ನೂ ನಾವು ಆ ದಂಪತಿಗಳಿಗೆ ಮರೆಮಾಡಲಿಲ್ಲ.

ಮಾಡಬೇಕಾದ ಕೆಲಸ ಹೀಗೆ ನಿಶ್ಚಯವಾಯಿತು. ಮೊದಲನೆಯದಾಗಿ, ಆ ಹಾಳೆಗೆ ರುಜು ಹಾಕಕೂಡದು. ಖಾಲಿ ಕಾಗದಕ್ಕಂತೂ ಸರ್ವಥಾ ಕೂಡದು. ಗುರುವಾರ ಎಂದಿನ ಪಾಳಿಗೆ ಗಿರಣಿಯ ಬಾಗಿಲಿಗೆ ಹೋಗಿ ಕೆಲಸ ಕೇಳಬೇಕು. ಒಳಗೆ ಬಿಡದಿದ್ದರೆ ಜಗಳವಾಡದೆ ಮರಳಬೇಕು. “ತಾನೇ ಬರುವುದನ್ನು ಬಿಟ್ಟನು” ಎಂದು ಮುಂದೆ ಹೇಳುವವರ ಬಾಯಿಗೆ ಇದು ಬೀಗ. ಅಂದೇ ಮಾಲೀಕನಿಗೆ ಪತ್ರ: ಇಷ್ಟು ವರ್ಷದಿಂದ ದುಡಿಯುತ್ತಿದ್ದೇನೆ, ಈ ದಿನ ಕೆಲಸ ನಿರಾಕರಿಸಿದಿರಿ, ನಾನು ರಾಜೀನಾಮೆ ಕೊಟ್ಟಿಲ್ಲ, ಕೆಲಸಕ್ಕೆ ಸಿದ್ಧನಿದ್ದೇನೆ, ನನ್ನ ಒಪ್ಪಿಗೆಯಿಲ್ಲದೆ ಭವಿಷ್ಯನಿಧಿಯಲ್ಲಿ ಮಾಲೀಕನ ಹೆಸರನ್ನು ಬದಲಿಸಿದೆ ಎಂದು. ನಮ್ಮ ಕಾಲದ ರಿಜಿಸ್ಟರ್ ಟಪಾಲು 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಲೀನವಾಗಿರುವುದರಿಂದ, ಅದರಲ್ಲಿಯೇ, ತಲುಪಿದ ರುಜುವಾತು ಬರುವಂತೆ ಕಳುಹಿಸಿ ರಸೀತಿಯನ್ನು ಇಟ್ಟುಕೊಂಡೆವು. ಗುತ್ತೇದಾರನ ಬಳಿ ದುಡಿಯದೆ ಒಲೆ ಉರಿಯುವುದೇ ಇಲ್ಲವೆಂಬ ಸ್ಥಿತಿಯಿದ್ದವರು, ಹಳೆಯ ಸೇವೆಯ ಹಕ್ಕುಗಳನ್ನು ಬಿಟ್ಟುಕೊಡದೆ ಆಕ್ಷೇಪಣೆಯೊಡನೆ ಸೇರುತ್ತಿದ್ದೇನೆಂದು ಬರೆದುಕೊಟ್ಟು ಸೇರಬಹುದು. ನಮ್ಮವನು ಸೇರಲಿಲ್ಲ, ಆತನ ಮಾವನು ಕೆಲವು ತಿಂಗಳು ಮನೆ ನಡೆಸಲು ಒಪ್ಪಿದನು.

ಎರಡನೆಯ ಹೆಜ್ಜೆ, ರಾಯಚೂರಿನ ಕಾರ್ಮಿಕ ಅಧಿಕಾರಿಯ ಮುಂದೆ ಸಂಧಾನದ ಅರ್ಜಿ. ಒಬ್ಬ ವ್ಯಕ್ತಿಯ ಕೆಲಸ ಹೋದುದೂ, ಸಂಘದ ಬೆಂಬಲವಿಲ್ಲದಿದ್ದರೂ, ಕೈಗಾರಿಕಾ ವಿವಾದವೇ. ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಕುಂದುಕೊರತೆಯ ಸಮಿತಿಯೊಂದು ಇರತಕ್ಕದ್ದು. ಗಿರಣಿಯಲ್ಲಿ ಅಂತಹದರ ಹೆಸರನ್ನೇ ಯಾರೂ ಕೇಳಿರಲಿಲ್ಲ. ವಿವಾದ ಹುಟ್ಟಿ ಎರಡು ವರ್ಷ ಕಳೆದ ಮೇಲೆ ಸಂಧಾನಾಧಿಕಾರಿಯು ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಹಳೆಯ ಕಾಯಿದೆಯಲ್ಲಿ ಮೂರು ವರ್ಷವಿದ್ದಿತೆಂದು ನೆನಪಿಟ್ಟುಕೊಂಡವರು ಇದನ್ನು ತಿದ್ದಿಕೊಳ್ಳಬೇಕು. ನಲವತ್ತೈದು ದಿನಗಳಲ್ಲಿ ಸಂಧಾನ ಮುಗಿಯಬೇಕು. ಮುರಿದುಬಿದ್ದರೆ ಅಧಿಕಾರಿಯ ವರದಿ ಕೈಸೇರಿದ ತೊಂಬತ್ತು ದಿನದೊಳಗೆ ಕೈಗಾರಿಕಾ ನ್ಯಾಯಮಂಡಳಿಗೆ ತಾನೇ ಅರ್ಜಿ ಹಾಕಬಹುದು. ಸರ್ಕಾರವು ವಿವಾದವನ್ನು ಒಪ್ಪಿಸಲೆಂದು ಕಾಯಬೇಕಾಗಿಲ್ಲ. ಗಣಿ, ಆಹಾರ ನಿಗಮ ಮೊದಲಾದವುಗಳ ಕೆಲಸಗಾರರು ಮಾತ್ರ ರಾಜ್ಯದ ಅಧಿಕಾರಿಯ ಬಳಿಗಲ್ಲ, ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ಕಡೆಯ ಅಧಿಕಾರಿಯ ಬಳಿಗೆ ಹೋಗಬೇಕು. ಬಾಗಿಲು ತಪ್ಪಿ ವರ್ಷ ಕಳೆದವರನ್ನು ಕಂಡಿದ್ದೇವೆ. ವಕೀಲರ ಖರ್ಚೆಂದು ಹೆದರುವವರು, ಕೈಗಾರಿಕಾ ಕಾರ್ಮಿಕನಿಗೆ ಉಚಿತವಾಗಿ ಕಾನೂನಿನ ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯು ಹೇಳಿರುವುದನ್ನು ತಿಳಿದಿರಲಿ. ಸಿಂಧನೂರಿನ ನ್ಯಾಯಾಲಯದ ಆವರಣದಲ್ಲಿರುವ ತಾಲೂಕು ಸಮಿತಿಗೆ ಒಂದು ಅರ್ಜಿ ಸಾಕು.

ಆತನೊಡನೆ ಅದೇ ಊರಿನ ಹಮಾಲನೊಬ್ಬನೂ ಎರಡನೆಯ ದಿನ ಬಂದಿದ್ದನು. ಅದೇ ಗಿರಣಿಯಲ್ಲಿ ಹದಿನಾಲ್ಕು ವರ್ಷ ಮೂಟೆ ಹೊತ್ತವನು, ಆದರೆ ಪಟ್ಟಿಯಲ್ಲಿ ಹೆಸರಿಲ್ಲ; ಮುಕದ್ದಮನು ಮೂಟೆಯ ಲೆಕ್ಕದಲ್ಲಿ ಹಂಚಿದ ದುಡ್ಡೇ ಆತನ ಸಂಬಳ. ಮೂಟೆ ಹೊರುವುದು ಪ್ರಧಾನ ಚಟುವಟಿಕೆಯಲ್ಲವೆಂದು ಕಾನೂನೇ ಹೇಳಿರುವಾಗ ನಾವು ಏನು ಹೇಳೋಣ? ಹಗ್ಗದ ಕಾರ್ಖಾನೆಯ ತೀರ್ಪು ಆತನಿಗೂ ಅನ್ವಯಿಸಬಹುದು. ಆದರೆ ಹದಿನಾಲ್ಕು ವರ್ಷಕ್ಕೆ ಸಾಕ್ಷಿಯಾಗಿ ಹೆಗಲ ಮೇಲಿನ ಗಂಟಲ್ಲದೆ ಬೇರೊಂದು ಕಾಗದವಿರಲಿಲ್ಲ. ಮುಕದ್ದಮನ ಮೂಟೆ ಲೆಕ್ಕದ ಹಳೆಯ ಪುಸ್ತಕಗಳು ಸಿಕ್ಕಾವೆಯೇ ನೋಡೆಂದು ಹೇಳಿ, ಹಮಾಲರಿಗಾಗಿ ರಾಜ್ಯದ ಅಸಂಘಟಿತ ಕಾರ್ಮಿಕರ ಮಂಡಳಿಯು ಕೊಡುವ ಗುರುತಿನ ಚೀಟಿಗೆ ಅರ್ಜಿ ಬರೆದುಕೊಟ್ಟೆವು. ನಮಗೆ ತೃಪ್ತಿಯಾಗಲಿಲ್ಲ, ಆತನಿಗೂ ಆಗಿರಲಾರದು.

ಶನಿವಾರ ನಮ್ಮ ಶಿಷ್ಯನು ಗಿರಣಿಗೆ ಹೋಗಲಿಲ್ಲ. ಸೋಮವಾರ ರಾಯಚೂರಿನ ಬಸ್ಸು ಹತ್ತಿದನು. ಅರ್ಜಿಯ ಪ್ರತಿಯ ಮೇಲೆ ಕಚೇರಿಯ ಮುದ್ರೆ ಒತ್ತಿಸಿಕೊಂಡು ರಾತ್ರಿ ನಮಗೆ ತಂದು ತೋರಿಸಿದನು. ಹೆಂಡತಿಯು ನಾವು ಪೆನ್ಸಿಲಿನಲ್ಲಿ ಬರೆದ ಲೆಕ್ಕದ ಹಾಳೆಯನ್ನು ಮನೆಯ ಕಪಾಟಿನಲ್ಲಿ ಮಗಳ ಶಾಲೆಯ ರಸೀತಿಗಳೊಡನೆ ಇಟ್ಟಿದ್ದಾಳಂತೆ. ಗುತ್ತೇದಾರನು ತಂದ ಹೊಸ ಆಳಿಗೆ ಹದ ಸಿಗದೆ ಒಂದು ದಿನದ ಅಕ್ಕಿಯು ನುಚ್ಚಾಯಿತೆಂಬ ಸುದ್ದಿಯನ್ನೂ ಆತನೇ ಹೇಳಿದನು. ಹೇಳುವಾಗ ಮುಖದಲ್ಲಿ ಸಂತೋಷ ಕಾಣಲಿಲ್ಲ. ಸಂಧಾನಕ್ಕೆ ಇಬ್ಬರನ್ನೂ ಮುಂದಿನ ತಿಂಗಳ ಎರಡನೆಯ ವಾರದಲ್ಲಿ ಕರೆದಿದ್ದಾರೆ.

ದತ್ತಕದ ವಿಷಯವಾಗಿ ಪ್ರಶ್ನೆ ಕಳುಹಿಸಿದ್ದ ಮಹನೀಯರು ದತ್ತಕಪತ್ರವು ನೋಂದಣಿಯಾದ ವರ್ಷವನ್ನು ನಮಗೆ ತಿಳಿಸಿದರೆ ಮುಂದಿನ ಸಂಚಿಕೆಗೆ ಅನುಕೂಲವಾಗುವುದು.